ಗಾಜಿನ ಮೇಲೆ ಉರುಳದ ಪೈಪು

ಮಡಂತ್ಯಾರು
೧೧ ಫೆಬ್ರವರಿ ೨೦೦೧

ಪ್ರೀತಿಯ ಅಶ್ರಫಾಕ,

ಅಸ್ಸಲಾಮು ಅಲೈಕುಂ. ದಮ್ಮಾಮಿನಲ್ಲಿ ಈಗ ಚಳಿ ಜೋರಿರಬೇಕು. ನಿಮ್ಮ ಗ್ಯಾಸ್ಟ್ರಿಕ್ ಹೇಗುಂಟು? ಕ್ಯಾಂಪಿನ ಊಟ ಬಿಟ್ಟು ನೀವೇ ಗಂಜಿ ಬೇಯಿಸಿಕೊಳ್ಳುತ್ತೇನೆ ಎಂದಿದ್ದಿರಿ, ಬೇಯಿಸುತ್ತಿದ್ದೀರಾ? ಬಂಟ್ವಾಳದಲ್ಲಿ ಉಮ್ಮ ಚೆನ್ನಾಗಿದ್ದಾರೆ. ಮುರಿದ ಕೈ ಕೂಡಿದೆ, ರೊಟ್ಟಿ ತಟ್ಟಲು ಮಾತ್ರ ಇನ್ನೂ ಆಗುವುದಿಲ್ಲ. ನಿಮ್ಮ ಭಾವನ ಕಾಲಿನೊಳಗೆ ರಾಡು ಹಾಗೇ ಉಂಟು. ನಡೆಯುತ್ತಾರೆ, ಅಂಗಡಿಗೆ ಹೋಗುತ್ತಾರೆ, ನೆಲಕ್ಕೆ ಕೂರಲು ಆಗುವುದಿಲ್ಲ.

ಇನ್ನು ಬೈಕಿನ ಸುದ್ದಿ. ನೀವು ಹಡಗಿನಲ್ಲಿ ತರಿಸಿದ, ರಜೆ ಮುಗಿಸಿ ಹೊರಡುವಾಗ ಇವರ ಕೈಗೆ ಕೀ ಇಟ್ಟು "ನೀನೇ ಇಟ್ಟುಕೋ ಇಹ್ಸಾನ್" ಎಂದು ಕೊಟ್ಟ ಆ ದೊಡ್ಡ ಬೈಕು. ಎರಡು ಬದಿಗೂ ಪೆಟ್ಟಿಗೆ, ಸೋಫಾದಂಥ ಸೀಟು. ಉಮ್ಮ ಕೂಡ ಆಸೆಪಟ್ಟು ಹಿಂದೆ ಹತ್ತಿದ್ದರು, ಇಬ್ಬರೂ ಒಟ್ಟಿಗೇ ಬಿದ್ದದ್ದು. ಲಾಯಿಲದ ನೆಂಟರ ಮನೆ ಇನ್ನೇನು ಸಿಗಬೇಕು ಎನ್ನುವಾಗ ಹ್ಯಾಂಡಲ್ ತಾನಾಗಿ ಎಡಕ್ಕೂ ಬಲಕ್ಕೂ ಬಡಿದುಕೊಂಡಿತು, ಹಿಡಿದಷ್ಟೂ ಹೆಚ್ಚಾಯಿತು ಎಂದು ಇವರು ಆಸ್ಪತ್ರೆಯಲ್ಲಿ ಹೇಳಿದಾಗ ಯಾರೂ ನಂಬಲಿಲ್ಲ. ನಾನೂ ಪೂರ್ತಿ ನಂಬಿರಲಿಲ್ಲ. ಏಕೆಂದರೆ ನೀವು ಅಷ್ಟರಲ್ಲಿ ಉಮ್ಮನಿಗೆ ಫೋನ್ ಮಾಡಿದ್ದಿರಿ: "ಭಾರದ ಗಾಡಿ ಉಮ್ಮ, ಅದನ್ನು ಹಿಡಿಯಲು ಗೊತ್ತಿರಬೇಕು. ಮೆಲ್ಲ ಹೋಗು ಅಂತ ಅವನಿಗೆ ಹೇಳಿದ್ದೆ." ಆ ಮಾತನ್ನು ಉಮ್ಮ ಬಂದವರಿಗೆಲ್ಲ ಹೇಳಿದರು. ಅಂದಿನಿಂದ ಅವರು ಅಳಿಯನ ಮುಖ ನೋಡಿ ಮಾತಾಡಿಲ್ಲ. ನಮ್ಮ ಮನೆಗೆ ಬಂದರೂ "ಅವನಿಗೆ ಹೇಳು" ಎಂದು ನನ್ನ ಹತ್ತಿರ ಹೇಳುತ್ತಾರೆ, ಇವರು ಅಲ್ಲೇ ಕೂತಿರುತ್ತಾರೆ.

ಬೈಕನ್ನು ಮಾರಿಬಿಡುವ ಎಂದು ನಾನು ಎಷ್ಟೋ ಸಲ ಹೇಳಿದೆ. ಇವರು ಒಪ್ಪಲಿಲ್ಲ. "ಇದರ ಮುಂಭಾಗ ಸರಿ ಮಾಡಿಯೇ ಬಿಡ್ತೇನೆ. ಮತ್ತೆ ಬೇಕಾದರೆ ಮಾರುವ" ಎಂದರು. ನೆಲಕ್ಕೆ ಕೂರಲು ಆಗದವರು ಏನು ಮಾಡುತ್ತಾರೆ? ಅವರು ಸ್ಟೂಲಿನ ಮೇಲೆ, ಕೆಳಗೆ ಸ್ಪ್ಯಾನರ್ ಹಿಡಿದು ನಾನು. ನಗಬೇಡಿ, ಈಗ ನನ್ನ ಉಗುರಿನ ಗ್ರೀಸು ಸೋಪಿಗೂ ಹೋಗುವುದಿಲ್ಲ. ಮುಂದಿನ ಚಕ್ರ ಎತ್ತಿ ನಿಲ್ಲಿಸಿ ಹ್ಯಾಂಡಲನ್ನು ನಿಧಾನ ತಿರುಗಿಸಿದರೆ ನೇರಕ್ಕೆ ಬಂದಾಗ ಟಕ್ಕೆಂದು ಸಿಕ್ಕಿಕೊಳ್ಳುತ್ತಿತ್ತು. ಹ್ಯಾಂಡಲ್ ತಿರುಗುವ ಬೇರಿಂಗಿನ ಬಟ್ಟಲಲ್ಲಿ ಗುಳಿ ಬಿದ್ದಿತ್ತು. ಬೇರಿಂಗ್ ಬದಲಿಸಿ, ಮುಂದಿನ ಚಕ್ರ ಹಿಡಿಯುವ ಫೋರ್ಕಿಗೆ ದಪ್ಪ ಎಣ್ಣೆ ಹಾಕಿದರೆ ಸಾಕು ಎಂದುಕೊಂಡೆವು. ಫೋರ್ಕಿನ ಪೈಪುಗಳನ್ನು ಹೊರಗೆ ಎಳೆದಾಗ ಒಂದು ಸಲೀಸಾಗಿ ಬಂತು, ಇನ್ನೊಂದು ಬರಲಿಲ್ಲ. ಹೇಗೋ ತೆಗೆದು ನಮ್ಮ ಸ್ಪೇರ್ ಪಾರ್ಟ್ಸ್ ಅಂಗಡಿಯ ಶೋಕೇಸಿನ ಗಾಜಿನ ಮೇಲೆ ಉರುಳಿಸಿದೆ. ಕುಂಟುತ್ತಾ ಹೋಯಿತು. ಅಡಿಯಲ್ಲಿ ಬೆಳಕು ಕಾಣುತ್ತಿತ್ತು, ಪೈಪು ಬಗ್ಗಿತ್ತು. ಕ್ಲಾಂಪು ಮುಚ್ಚುವ ಜಾಗದಲ್ಲಿ ಒತ್ತಿ ನೆಟ್ಟಗೆ ಮಾಡಿದ ಗುರುತು, ಅದರ ಮೇಲೆ ಅರ ತಿಕ್ಕಿದ ಗೀರು.

ಲಾಯಿಲದಲ್ಲಿ ಬಿದ್ದಾಗ ಬಗ್ಗಿದ್ದು ಎನ್ನಲು ಇಲ್ಲ, ಆಮೇಲೆ ಅದನ್ನು ಯಾರೂ ಬಿಚ್ಚಿಯೇ ಇಲ್ಲ. ಆ ವಾರವೇ ನಿಮ್ಮ ಬಂಟ್ವಾಳದ ದೋಸ್ತಿ ನಿಝಾಮುದ್ದೀನ್ ಬ್ರೇಕ್ ಶೂ ಕೇಳಿಕೊಂಡು ಬಂದರು. ಗಾಜಿನ ಮೇಲಿನ ಪೈಪು ನೋಡಿ ಅವರ ಮುಖ ಸಣ್ಣದಾಯಿತು. "ಇದು ನಾನೇ ಪ್ರೆಸ್ಸಿಗೆ ಕೊಟ್ಟು ನೆಟ್ಟಗೆ ಮಾಡಿಸಿದ್ದು. ಚಾರ್ಮಾಡಿಯಲ್ಲಿ ಅಶ್ರಫಾಕ ಬಿದ್ದದ್ದಲ್ಲವಾ? ಹೊಸ ಪೈಪು ಹಾಕಿ ಅಂತ ಹೇಳಿದೆ, ಕೇಳ್ಲಿಲ್ಲ. ಮನೆಯಲ್ಲಿ ಹೇಳ್ಬೇಡ ಮಾರಾಯ ಅಂದ್ರು" ಎಂದರು. ಆ ರಜೆಯಲ್ಲಿ ನೀವು ಮೊಣಕೈಗೆ ಪಟ್ಟಿ ಕಟ್ಟಿಕೊಂಡು ಬಂದು ಬಚ್ಚಲಲ್ಲಿ ಜಾರಿದೆ ಎಂದದ್ದು, ನಾನು ಎಣ್ಣೆ ಕಾಯಿಸಿ ತಿಕ್ಕಿದ್ದು ನೆನಪಾಯಿತು.

ಅಶ್ರಫಾಕ, ನೀವು ಬಿದ್ದದ್ದಕ್ಕೆ ನನಗೆ ಬೇಸರ ಏನೂ ಇಲ್ಲ. ಯಾರಾದರೂ ಬೀಳಬಹುದು. ಬಗ್ಗಿದ ಗಾಡಿಯನ್ನು ಉಡುಗೊರೆ ಎಂದು ಕೊಟ್ಟಿರಿ. ಇವರು ಬಿದ್ದಾಗಲಾದರೂ ಹೇಳಬಹುದಿತ್ತು. ಗೊತ್ತಿದ್ದೂ, ಕಾಲು ಕಟ್ಟಿಸಿಕೊಂಡು ಮಲಗಿದವನ ಮೇಲೆಯೇ ತಪ್ಪು ಹೊರಿಸಿದಿರಿ. ಇವರು ಎಲ್ಲರೆದುರು ತಲೆ ತಗ್ಗಿಸಿ "ನನ್ನ ಕೈ ತಪ್ಪಿತು" ಎಂದು ಉಮ್ಮನ ಹತ್ತಿರ ಮಾಫಿ ಕೇಳಿದ್ದನ್ನು ನಾನು ಫೋನಿನಲ್ಲಿ ಹೇಳಿದಾಗ ನೀವು "ಪಾಪ" ಎಂದಿರಿ.

ಬೊಂಬಾಯಿಯಿಂದ ಹೊಸ ಪೈಪು ತರಿಸಿದೆವು. ಗುಂಡಿನ ಬೇರಿಂಗಿನ ಬದಲು ರೋಲರಿನದು ಹಾಕಿದೆವು, ಸ್ಪ್ರಿಂಗು ಬಿಗಿಯಾಗಲು ಮೂಡಬಿದಿರೆಯ ಲೇತಿನಲ್ಲಿ ಪೈಪಿನ ತುಂಡು ಕೊಯ್ಯಿಸಿ ಒಳಗಿಟ್ಟೆವು. ಹಿಂದೆ ಭಾರ ಕಡಿಮೆಯಾಗಲು ಬದಿಯ ಪೆಟ್ಟಿಗೆಗಳನ್ನು ಮುಂದಕ್ಕೆ ಸರಿಸಿದೆವು. ಮೊನ್ನೆ ಪೆಟ್ಟಿಗೆ ತುಂಬ ಸಾಮಾನು ಹಾಕಿ ಇವರು ವೇಣೂರಿನ ದಾರಿಯಾಗಿ ಮೂಡಬಿದಿರೆಗೆ ಹೋಗಿ ಬಂದರು. ಹ್ಯಾಂಡಲ್ ಒಂದು ಸಲವೂ ನಡುಗಲಿಲ್ಲವಂತೆ. ಖುಷಿಪಡುತ್ತಾರೆ ಎಂದುಕೊಂಡೆ. ಗಾಡಿ ನಿಲ್ಲಿಸಿ, ಅದರ ಮೇಲೆಯೇ ಕೂತು ಅತ್ತರು. "ಅವತ್ತೂ ನಾನು ಹೀಗೇ ಹಿಡಿದಿದ್ದೆ ಶಹಲಾ" ಎಂದರು. ನಿಮ್ಮ ಬಗ್ಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಅದನ್ನೂ ಬರೆಯಬೇಕೆನಿಸಿತು.

ಆರೋಗ್ಯ ನೋಡಿಕೊಳ್ಳಿ. ಅಲ್ಲಾಹು ನಿಮ್ಮನ್ನು ಕಾಯಲಿ. ಇವರೂ ಸಲಾಂ ಹೇಳಿದ್ದಾರೆ.

ನಿಮ್ಮ ತಂಗಿ,
ಶಹಲಾ

ಇನ್ನೊಂದು ಮಾತು: ಮೇಲಿನಷ್ಟನ್ನು ಇವರು ಓದಿದ್ದಾರೆ, ಇದನ್ನು ಓದಿಲ್ಲ. ಲಕೋಟೆ ಅಂಟಿಸುವ ಮುಂಚೆ ಬರೆಯುತ್ತಿದ್ದೇನೆ. "ಉಮ್ಮನಿಗೆ ಹೇಳ್ಬೇಡ, ಈ ಪ್ರಾಯದಲ್ಲಿ ಮಗನ ಬಗ್ಗೆ ಇಂಥದ್ದು ಕೇಳಬಾರದು" ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಆ ಮಾತನ್ನು ನಾನು ಉಳಿಸುವುದಿಲ್ಲ. ಬಕ್ರೀದಿಗೆ ಉಮ್ಮ ನಮ್ಮಲ್ಲಿಗೆ ಬರುತ್ತಾರೆ. ಅದಕ್ಕೆ ಮುಂಚೆ ನೀವೇ ಫೋನ್ ಮಾಡಿ ಹೇಳಿದರೆ, ಮಗನ ಬಾಯಿಂದ ಕೇಳುತ್ತಾರೆ. ಇಲ್ಲದಿದ್ದರೆ ನನ್ನ ಬಾಯಿಂದ.