ಪರೀಕ್ಷೆಗೆ ಕಾದಿಟ್ಟ ನನ್ನ ತೋಳಿನ ಗಂಟು

ಶಸ್ತ್ರಚಿಕಿತ್ಸಾ ವಿಭಾಗದ ಮಾನ್ಯ ಮುಖ್ಯಸ್ಥರೇ,

ಮೊದಲಿಗೇ ಸಾರಿ, ಸರ್. ತಮ್ಮದೇ ಮೆಡಿಕಲ್ ಕಾಲೇಜಿನ ಫಸ್ಟ್ ಇಯರ್ ಹುಡುಗಿಯೊಬ್ಬಳು ತಮ್ಮಂಥವರಿಗೆ ಊರೆಲ್ಲ ಓದುವಂತೆ ಪತ್ರ ಬರೆಯುವುದು ಅಧಿಕಪ್ರಸಂಗವೇ. ನನ್ನದು ಹಾಸ್ಟೆಲಿನಲ್ಲಿ ಬೆಳೆದ ಕನ್ನಡ, ಇಂಗ್ಲಿಷ್ ಇಣುಕಿದರೆ ಅಡ್ಜಸ್ಟ್ ಮಾಡಿಕೊಳ್ಳಿ. ಅಕ್ಷರ ಎಲ್ಲಾದರೂ ಹಾರಿದ್ದರೆ ಅಲ್ಲಿ ನನ್ನ ಬಲತೋಳಿನ ಗಂಟು ಮೇಜಿಗೆ ತಗುಲಿದೆ ಎಂದರ್ಥ. ದೂರು ಆ ಗಂಟಿನದೇ. ತೆಗೆಯುತ್ತೇನೆಂದು ಮಾತು ಕೊಟ್ಟ ತಾವು, ರೋಗಿಯನ್ನು ಮುಟ್ಟಿ ನೋಡಿ ರೋಗ ಹೇಳಬೇಕಾದ ಫೈನಲ್ ಇಯರ್‌ನವರ ಪ್ರಾಕ್ಟಿಕಲ್ ಪರೀಕ್ಷೆಗೆ ಬೇಕೆಂದು ಅದನ್ನು ನನ್ನ ತೋಳಲ್ಲೇ ಕಾದಿಟ್ಟಿದ್ದೀರಿ.

ಗಂಟು ಸಿಕ್ಕಿದ್ದು ಸೋಪು ಹಚ್ಚುವಾಗ, ಮೊಣಕೈಗಿಂತ ತುಸು ಮೇಲೆ, ಒಳಬದಿಯಲ್ಲಿ. ಗೋಲಿಯಷ್ಟಿತ್ತು, ಒತ್ತಿದರೆ ಕಿರುಬೆರಳಿಗೆ ಕರೆಂಟ್. ರೂಮ್‌ಮೇಟ್ ಮೊಬೈಲ್ ನೋಡಿ ನನ್ನ ಆಯುಷ್ಯ ಮುಗಿಸಿಯೇಬಿಟ್ಟಳು. ನಾನು ಹೊಸ ಶೂಗಳನ್ನು ಅವಳಿಗೆ ದಾನ ಮಾಡಿದೆ. ಆಮೇಲೆ ತಾವು ಗಂಟನ್ನು ಎರಡು ಬೆರಳಲ್ಲಿ ಹಿಡಿದು ಅಲುಗಿಸಿದಿರಿ. ಅದು ಅಡ್ಡಕ್ಕೆ ಜಾರಿತು, ಉದ್ದಕ್ಕೆ ಜಾರಲಿಲ್ಲ; ನರದ ಗಂಟಿನ ಗುರುತೇ ಅದಂತೆ. ಸ್ಕ್ಯಾನ್ ನೋಡಿ ತಾವು ಹೇಳಿದ ಮಾತು ನನಗೆ ಬಾಯಿಪಾಠ: "ಕ್ಯಾನ್ಸರ್ ಅಲ್ಲಮ್ಮ. ನರದ ಹೊದಿಕೆಯಲ್ಲಿ ಬೆಳೆದಿರೋ ಸಾಧು ಗಡ್ಡೆ. ನರದ ಎಳೆಗಳನ್ನ ಪಕ್ಕಕ್ಕೆ ಸರಿಸಿ, ಬಟಾಣಿ ಸುಲಿದ ಹಾಗೆ ಸುಲಿದುಬಿಡ್ತೀನಿ." ಆಸ್ಪತ್ರೆಯ ಇಳಿಜಾರನ್ನು ನಾನು ಕುಣಿಯುತ್ತಾ ಇಳಿದೆ. ಗೇಟಿನ ಸೆಕ್ಯೂರಿಟಿ ಅಂಕಲ್ "ಪಾಸಾದ್ಯಾ?" ಅಂದರು. ಶೂಗಳನ್ನೂ ವಾಪಸ್ ಇಸಕೊಂಡೆ.

ಆದರೆ ಒಳ್ಳೆಯ ಲಕ್ಷಣವಿರುವ ರೋಗಿಯನ್ನು ಪರೀಕ್ಷೆ ಮುಗಿಯುವ ತನಕ ವಾಸಿಮಾಡಬಾರದೆಂಬ ಸಂಪ್ರದಾಯ ನನಗೆ ಗೊತ್ತಿರಲಿಲ್ಲ. ಈಗ ಸೀನಿಯರ್‌ಗಳು ಕ್ಯಾಂಟೀನಿಗೇ ಬಂದು ಗಂಟಿನ ಮೇಲೆ ಬೆರಳು ತಟ್ಟಿ ಪ್ರಾಕ್ಟೀಸ್ ಮಾಡುತ್ತಾರೆ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಒಬ್ಬರಂತೂ ಕೊಬ್ಬಿನ ಗಂಟು, ಕಿತ್ತು ಬಿಸಾಕಿದರಾಯಿತು ಎಂದರು. ಕಿತ್ತರೆ ನರವೂ ಜೊತೆಗೇ ಬರುವುದಿಲ್ಲವೇ? ಪಾಪ ಫೇಲಾಗದಿರಲಿ ಎಂದು ನಾನೇ ಅವರ ಕೈ ಹಿಡಿದು ಗಂಟನ್ನು ಅಡ್ಡಡ್ಡ ಜಾರಿಸಿ ತೋರಿಸಿದೆ. ಫೋನಿನಲ್ಲಿ ಇದನ್ನು ಕೇಳಿ ನನ್ನ ಚಿಕ್ಕಮ್ಮ ನಕ್ಕಿದ್ದೇ ನಕ್ಕಿದ್ದು: "ನಿನ್ನ ಮಾರ್ಕ್ಸ್‌ಗಿಂತ ನಿನ್ನ ಗಂಟಿಗೇ ಡಿಮಾಂಡ್ ಜಾಸ್ತಿ ಕಣೇ."

ನಾನೂ ನಗುತ್ತಲೇ ಇದ್ದೆ, ಕಳೆದ ವಾರ ರೂಮಿನ ಬೀಗದಲ್ಲಿ ಕೀಲಿ ತಿರುಗಿಸಲಾಗದೆ ನಿಲ್ಲುವವರೆಗೆ. ಕಿರುಬೆರಳು ಮರಗಟ್ಟಿದೆ, ಬೆರಳುಗಳು ಪೂರ್ತಿ ಅಗಲುತ್ತಿಲ್ಲ. ಬೆರಳು ಸೋತರೆ ತಕ್ಷಣ ಬಾ ಎಂದವರು ತಾವೇ. ಬಂದೆ. ತಮ್ಮ ಸಹಾಯಕ ವೈದ್ಯರು ಪರೀಕ್ಷಿಸಿ, ಖುಷಿಯಿಂದ ಹೇಳಿದರು: "ಲಕ್ಷಣ ಇನ್ನೂ ಚೆನ್ನಾಗಾಗಿದೆ. ಪರೀಕ್ಷೆ ಮುಗೀಲಿ ಅಂತ ಸರ್ ಹೇಳಿದ್ದಾರೆ."

ಸ್ವಾಮೀ, ಯಾರ ಪರೀಕ್ಷೆ? ಅವರು ಫೇಲಾದರೆ ಆರು ತಿಂಗಳಲ್ಲಿ ಮತ್ತೆ ಬರೆಯಬಹುದು. ನನ್ನ ಬೆರಳಿಗೆ ಸಪ್ಲಿಮೆಂಟರಿ ಉಂಟೇ?

ನನ್ನ ಬೇಡಿಕೆ ಇಷ್ಟೇ. ಈ ವಾರವೇ ತೆಗೆಯಿರಿ. ತೆಗೆದ ಮೇಲೂ ನಾನು ಪರೀಕ್ಷೆಗೆ ಬರುತ್ತೇನೆ, ಬ್ಯಾಂಡೇಜ್ ಸಮೇತ, ಬೇಕಾದರೆ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು. ಉಬ್ಬಿದ ಗಂಟನ್ನು ಯಾರು ಬೇಕಾದರೂ ಮುಟ್ಟಿ ನೋಡಿಯಾರು. ಡಾಕ್ಟರು ಯಾವ ನರವನ್ನು ಕತ್ತರಿಸದೆ ಉಳಿಸಿದ್ದಾರೆ ಎಂದು ಆ ಸೀನಿಯರ್‌ಗಳು ನನ್ನ ಬೆರಳುಗಳನ್ನು ನೋಡಿ ಹೇಳಲಿ. ಅದಲ್ಲವೇ ಕಷ್ಟದ ಪ್ರಶ್ನೆ?

ದಯವಿಟ್ಟು ಬೇಗ ಉತ್ತರಿಸಿ.

ಇಂತಿ,
ತಮ್ಮ ಪ್ರಶ್ನೆಪತ್ರಿಕೆಯನ್ನು ತೋಳಲ್ಲಿ ಹೊತ್ತು ತಿರುಗುತ್ತಿರುವವಳು