ಚಪ್ಪಲಿಯೊಳಗಿನ ಕಪ್ಪೆ

ಸಮಸ್ತ ಮೊಮ್ಮಕ್ಕಳ ಚಕ್ರವರ್ತಿನಿ, ಬೊಚ್ಚುಬಾಯಿಯ ಮಹಾಕವಯಿತ್ರಿ, ಕಳೆದ ವರ್ಷ ವಿಳಾಸವಿಲ್ಲದ ಊರಿಗೆ ಬಿಜಯಂಗೈದ ಅಜ್ಜಿಯವರ ದಿವ್ಯ ಸನ್ನಿಧಾನಕ್ಕೆ ಕಪಿ ಮೊಮ್ಮಗನ ವರದಿ.

ಅಕ್ಕನ ಮಗಳಿಗೆ ಎರಡೂವರೆ ವರ್ಷವಾದರೂ ಮಾತು ಬಂದಿರಲಿಲ್ಲ. ಅಕ್ಕ ದಿನವಿಡೀ ಫೋನಿನಲ್ಲಿ ಶಿಶುಗೀತೆ ಹಾಕಿಟ್ಟು, ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಮಾತು ಕಲಿಸುವ ಮೇಡಂ ಮೊನ್ನೆ ಹೇಳಿದರು: "ಫೋನ್ ಹಾಡುತ್ತೆ, ಆದ್ರೆ ಮಗೂಗೋಸ್ಕರ ಕಾಯಲ್ಲ. ನೀವೇ ಹಾಡಿ, ಕೊನೇ ಪದ ಬಿಟ್ಟು ಸುಮ್ನಿರಿ. ಪ್ರಾಸ ಅವಳಿಗೆ ದಾರಿ ತೋರಿಸುತ್ತೆ." ನಮಗೆ ತುತ್ತು ತಿನ್ನಿಸುವಾಗ ನೀವು ಮಾಡುತ್ತಿದ್ದುದೂ ಅದೇ ತಾನೇ?

ಅಂದಿನಿಂದ ನಾನು ನಿಮ್ಮ ಹಾಡನ್ನೇ ಹಿಡಿದು ಕೂತೆ. ಇವತ್ತು ಬೆಳಿಗ್ಗೆ ಅವಳಿಗೆ ಸಾಕ್ಸ್ ಹಾಕುತ್ತಾ ಮತ್ತೆ ಶುರುಮಾಡಿದೆ:

"ಅಪ್ಪನ ಚಪ್ಪಲಿ ಯಾಕಪ್ಪಾ ಒದ್ದೆ?
ಒಳಗಿನ ಕಪ್ಪೆಗೆ ಬಂದಿದೆ..."

ಹುಬ್ಬೇರಿಸಿ ಕಾದೆ. ನನ್ನ ಬಾಯನ್ನೇ ನೋಡುತ್ತಿದ್ದವಳು, "ನಿದ್ದೆ!" ಎಂದಳು.

ಅಕ್ಕ ಸೌಟು ಹಿಡಿದೇ ಓಡಿಬಂದಳು. "ಲೋ ಕೋತಿ, ನೀನೇ ಮಗು ದನಿ ಮಾಡಿದ್ಯಾ?"

"ನನ್ನಾಣೆಗೂ ಇಲ್ಲ ಕಣೇ!"

ಯಾರು ನಂಬುತ್ತಾರೆ? ಅಕ್ಕ ಅಂಗೈಯಿಂದ ನನ್ನ ಬಾಯಿ ಮುಚ್ಚಿ, ತಾನೇ ಹಾಡಿ ನೋಡಿದಳು. ಮತ್ತೆ ಬಂತು, "ನಿದ್ದೆ!"

ಅಕ್ಕ ಸೌಟು ಬಿಟ್ಟು ಮಗಳನ್ನು ಬಾಚಿ ತಬ್ಬಿಕೊಂಡಳು. "ಅಜ್ಜಿ ಹಾಡೇ ನನ್ನ ಮಗೂಗೆ ಮಾತು ಕೊಡ್ತು ಕಣೋ" ಎಂದು ಅತ್ತಳು. ನಾನು ಮಹಾಗಂಭೀರವಾಗಿ ತಲೆಯಾಡಿಸಿದೆ.

ಅಜ್ಜೀ, ನಿನಗೆ ಮಾತ್ರ ಹೇಳುತ್ತೇನೆ. ನಿನ್ನ ಹಾಡಿನಲ್ಲಿ ನನಗೆ ನೆನಪಿದ್ದದ್ದು ಮೊದಲ ಸಾಲು ಮಾತ್ರ. ಕಪ್ಪೆ ನನ್ನದು. ಅಕ್ಕನಿಗೂ ಗೊತ್ತಾಗಲಿಲ್ಲ.