ಏಳನೆಯ ಗೋಡೆ, ಎಂಟನೆಯ ಗೋಡೆ

ಖಾನಾಪುರ,
ಗುರುವಾರ, ೧೩ ಅಕ್ಟೋಬರ್ ೧೯೨೭

ಶ್ರೀ ದಿಗಂಬರರಾಯರಿಗೆ, ಚಂದ್ರಭಾಗಾಳ ನಮಸ್ಕಾರ.

ಮದುವೆಯಾದ ಹನ್ನೊಂದು ವರ್ಷಗಳಲ್ಲಿ ಗಂಡನ ಹೆಸರನ್ನು ನಾನು ಬರೆದದ್ದು ಇದೇ ಮೊದಲು. ಬರೆದ ಮೇಲೆ ಸ್ವಲ್ಪ ಹೊತ್ತು ಕಾದು ನೋಡಿದೆ. ಏನೂ ಆಗಲಿಲ್ಲ.

ನಿಮ್ಮ ಪತ್ರ ತಲುಪಿತು. ಎರಡು ಪ್ರಶ್ನೆ ಕೇಳಿದ್ದೀರಿ. ಗೋಡೆಗಳ ಪ್ರಯೋಗದ ನಾಲ್ಕನೆಯ ವಹಿ ಕಪಾಟಿನಲ್ಲಿಲ್ಲ, ಎಲ್ಲಿಟ್ಟಿದ್ದೀ ಎಂಬುದು ಮೊದಲನೆಯದು. ತವರಿಗೆ ಹೋಗಿ ತಿಂಗಳಾಯಿತು, ಖಾಸಬಾಗದ ಮನೆಗೆ ಯಾವಾಗ ಬರುತ್ತೀ ಎಂಬುದು ಎರಡನೆಯದು. ನಾನೂ ಅದೇ ಕ್ರಮದಲ್ಲಿ ಉತ್ತರಿಸುತ್ತೇನೆ. ಕ್ರಮವಾಗಿ ಬರೆಯುವುದನ್ನು ಕಲಿಸಿದವರು ನೀವೇ.

ವಹಿಯ ಮಾತಿಗೆ ಮುಂಚೆ ಧರ್ಮಶಾಲೆಯ ಮಾತು ಬರಬೇಕು. ಖಾನಾಪುರದ ಧರ್ಮಶಾಲೆಯ ಪಶ್ಚಿಮದ ಗೋಡೆ ಎದ್ದದ್ದು ೧೯೨೨ರ ಏಪ್ರಿಲ್‌ನಲ್ಲಿ. ಓವರ್‌ಸಿಯರ್ ನೀವು, ಕಟ್ಟಿದ ಗೌಂಡಿ ಹಣಮಪ್ಪ, ಇಟ್ಟಿಗೆ ಮಲಪ್ರಭೆಯ ದಂಡೆಯ ಮೇಲಿದ್ದ ನನ್ನ ತಂದೆಯ ಭಟ್ಟಿಯದು. ಆ ಬೇಸಿಗೆಯಲ್ಲಿ ಬಾವಿಗಳು ತಳ ಕಂಡಿದ್ದವು. ನೆನೆಸದ ಇಟ್ಟಿಗೆ ಗಾರೆಯೊಳಗಿನ ನೀರನ್ನು ಕುಡಿದುಬಿಡುತ್ತದೆ, ಆಮೇಲೆ ಸುಣ್ಣ ಕಚ್ಚುವುದಿಲ್ಲ. ಇದು ಗಾರೆಯ ಬುಟ್ಟಿ ಹೊರುವ ಹೆಂಗಸರಿಗೂ ಗೊತ್ತು. ಆದರೆ ಉದ್ಘಾಟನೆಗೆ ದೊಡ್ಡ ಸಾಹೇಬರು ಬರುವ ದಿನ ನಿಶ್ಚಯವಾಗಿತ್ತು. “ನೆನಿಸ್ಕೋತ ಕುಂತ್ರ ಸಾಹೇಬ್ರು ಬರೇ ಪಾಯಾ ನೋಡಿ ಹೋಗ್ತಾರ. ಒಣಾನ ಇಡು,” ಎಂದು ನೀವು ಹಣಮಪ್ಪನಿಗೆ ಹೇಳಿದಿರಿ. ಇದು ನನಗೆ ತಿಳಿದದ್ದು ಗೋಡೆ ಬಿದ್ದ ಮೇಲೆ, ಹಣಮಪ್ಪನಿಂದ.

ಜುಲೈಯಲ್ಲಿ ಮಳೆ ಹಿಡಿಯಿತು, ಗೋಡೆ ಬಿತ್ತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ನಿಮ್ಮ ವರದಿ ಮೂರೇ ಸಾಲಿನದು: ಇಟ್ಟಿಗೆ ಮೆತ್ತಗಿತ್ತು, ಸರಿಯಾಗಿ ಬೆಂದಿರಲಿಲ್ಲ, ಒದಗಿಸಿದ ಮಾರ್ತಾಂಡರಾಯರೇ ಹೊಣೆ. ಅದನ್ನು ಚೊಕ್ಕ ಅಕ್ಷರದಲ್ಲಿ ನಕಲು ಮಾಡಲು ನನಗೇ ಕೊಟ್ಟಿರಿ. ನನ್ನ ತಂದೆಯ ಹೆಸರಿದ್ದ ಸಾಲಿನಲ್ಲೂ ಒಂದು ಹನಿ ಮಸಿ ಚೆಲ್ಲದಂತೆ ಬರೆದುಕೊಟ್ಟೆ.

ಆಮೇಲೆ ಪೇಟೆಯಲ್ಲಿ ಕಿರಾಣಿ ಅಂಗಡಿಯ ಕಲ್ಲಯ್ಯ, “ಮಾರ್ತಾಂಡರಾಯರ ಇಟ್ಟಂಗಿ ಒಯ್ರೆಪಾ, ಚಹಾದಾಗ ಅದ್ದಿ ತಿನ್ನಾಕ ಭಾಳ ಚಲೋ,” ಎನ್ನುತ್ತಿದ್ದನಂತೆ. ಜನ ನಕ್ಕರು. ಮತ್ತೆ ಯಾರೂ ಒಂದು ಗಾಡಿ ಇಟ್ಟಿಗೆ ಕೊಳ್ಳಲಿಲ್ಲ. ತಂದೆ ಅಂಗಳದಲ್ಲಿ ಕುಳಿತು ಹಾದಿಯಲ್ಲಿ ಹೋಗುವವರನ್ನು ಕರೆದು ಎರಡು ಇಟ್ಟಿಗೆಗಳನ್ನು ಬಡಿದು ತೋರಿಸುತ್ತಿದ್ದರು. ಬೆಂದ ಇಟ್ಟಿಗೆ ಕಂಚಿನಂತೆ ನುಡಿಯುತ್ತದೆ. “ನೀವೇ ಕೇಳ್ರಿ, ಇದು ಹಸೀ ಇಟ್ಟಂಗಿ ಸಪ್ಪಳ ಏನ್ರಿ?” ಎಂದು ಕೇಳುತ್ತಿದ್ದರು. “ಅಲ್ಲ ಬಿಡ್ರಿ ರಾಯರ,” ಎಂದು ಅವರು ಹೊರಟುಹೋಗುತ್ತಿದ್ದರು. ಮರುವರ್ಷ ದಸರೆಯ ಹೊತ್ತಿಗೆ ತಂದೆ ತೀರಿಕೊಂಡರು. ನೀವು ಹನ್ನೆರಡನೆಯ ದಿನಕ್ಕೆ ಬಂದು ಊಟ ಮಾಡಿ ಹೋದಿರಿ.

ಅದೇ ಚಳಿಗಾಲ ನಿಮ್ಮ ಸಂಶೋಧನೆ ಶುರುವಾಯಿತು. ಈ ಸೀಮೆಯ ಯಾವ ಇಟ್ಟಿಗೆಯ ಗೋಡೆ ಎಷ್ಟು ಮಳೆಗಾಲ ತಾಳುತ್ತದೆ ಎಂದು ನೋಡಲು ವಡಗಾವಿಯ ಹೊರಗಿನ ಖಾಲಿ ಜಾಗದಲ್ಲಿ ಎಂಟು ಗೋಡೆ ಕಟ್ಟಿಸಿದಿರಿ. ನಾಲ್ಕು ಊರಿನ ಇಟ್ಟಿಗೆ, ಒಂದೊಂದಕ್ಕೆ ಎರಡೆರಡು ಗೋಡೆ. ಕಟ್ಟಿದವನು ಹಣಮಪ್ಪ. ಇಟ್ಟಿಗೆಗಳನ್ನು ಒಣಗಿದ್ದಾಗೊಮ್ಮೆ, ಒಂದು ದಿನ ನೀರಿನಲ್ಲಿಟ್ಟ ಮೇಲೊಮ್ಮೆ ತೂಗಿದವಳು ನಾನು. ಪ್ರತಿ ಹುಣ್ಣಿಮೆಗೆ ತೂಗುಗುಂಡು ಇಳಿಬಿಟ್ಟು ಗೋಡೆ ಎಷ್ಟು ವಾಲಿದೆ ಎಂದು ಅಳೆದವಳು ನಾನು. ನೀವು ಸಂಜೆ ಐದಕ್ಕೆ ಛತ್ರಿ ಹಿಡಿದು ಬರುತ್ತಿದ್ದಿರಿ. ಗೋಡೆಯನ್ನು ಮುಟ್ಟುತ್ತಿರಲಿಲ್ಲ, ವಹಿ ನೋಡುತ್ತಿದ್ದಿರಿ.

ಏಳನೆಯ ಮತ್ತು ಎಂಟನೆಯ ಗೋಡೆಯ ಇಟ್ಟಿಗೆ ಪಾರಿಶ್ವಾಡದ್ದು ಎಂದು ಮೊದಲನೆಯ ವಹಿಯಲ್ಲಿ ಬರೆದಿದ್ದೇನೆ. ಅದು ಸುಳ್ಳು. ಅದು ನನ್ನ ತಂದೆಯ ಅಂಗಳದಲ್ಲಿ ಮಾರಾಟವಾಗದೆ ಉಳಿದಿದ್ದ ಇಟ್ಟಿಗೆ. ನಾಲ್ಕನೆಯ ವಹಿಯಲ್ಲಿ, ನೀವು ಎಂದೂ ತಿರುವಿ ನೋಡದ ಕೊನೆಯ ಪುಟಗಳಲ್ಲಿ ಇರುವುದು ಇದೇ: ಯಾವ ದಿನ, ಎಷ್ಟು ಗಾಡಿ, ಕೆಳಗೆ ಹಣಮಪ್ಪನ ಹೆಬ್ಬೆಟ್ಟು. ಏಳನೆಯ ಗೋಡೆಗೆ ಇಟ್ಟಿಗೆಯನ್ನು ನೆನೆಸಿ ಇಡಲು ಹೇಳಿದೆ. ಎಂಟನೆಯದಕ್ಕೆ ಒಣಗಿದ್ದನ್ನೇ ಇಡು ಎಂದೆ. ಹಣಮಪ್ಪ ಒಪ್ಪಲಿಲ್ಲ. “ಬ್ಯಾಡ್ರಿ ಬಾಯಾರ, ಬೇಕಂತ ಕೆಟ್ಟ ಗ್ವಾಡಿ ಕಟ್ಟಾಕ ಕೈ ಏಳೂದಿಲ್ಲ,” ಎಂದ. “ಒಮ್ಮೆ ಎದ್ದದಲ್ಲ,” ಎಂದೆ. ಆಮೇಲೆ ಅವನು ತಲೆ ಎತ್ತದೆ ಕಟ್ಟಿದ.

ಮೂರು ಮಳೆಗಾಲ ಕಾದೆ. ನಿಮಗೆ ಅಡಿಗೆ ಮಾಡಿ ಹಾಕುತ್ತ, ನಿಮ್ಮ ಅಂಕಿಗಳನ್ನು ತಿದ್ದುತ್ತ ಕಾದೆ. ಏಳನೆಯ ಗೋಡೆ ಕೂದಲೆಳೆಯಷ್ಟೂ ಅಲುಗಲಿಲ್ಲ. ಕೊನೆಗೆ ಕೆಡವುವಾಗ ಹಾರೆ ತಾಗಿದರೆ ಇಟ್ಟಿಗೆ ಒಡೆಯುತ್ತಿತ್ತೇ ಹೊರತು ಗಾರೆ ಬಿಡುತ್ತಿರಲಿಲ್ಲ. ಎಂಟನೆಯದು ಎರಡನೆಯ ಮಳೆಗಾಲಕ್ಕೇ ಎರಡು ಇಂಚು ವಾಲಿತು, ಅದರ ಗಾರೆ ಉಗುರಿಗೆ ಹಿಟ್ಟಿನಂತೆ ಉದುರಿತು. ಒಂದೇ ಇಟ್ಟಿಗೆ, ಒಂದೇ ಸುಣ್ಣ, ಹೀಗೇಕೆ ಎಂದು ನೀವು ಹಣಮಪ್ಪನನ್ನು ಗದರಿಸಿದಿರಿ. ಅವನು ನಾನು ಕಲಿಸಿಕೊಟ್ಟಂತೆ, “ತಪ್ಪಾತ್ರಿ ಸಾಹೇಬ್ರ, ನೀರ ಕಡಿಮಿ ಇತ್ತು, ಒಣಾನ ಇಟ್ಟೆ,” ಎಂದ. ಅಂದು ನೀವು ಆಡಿದ ಬೈಗುಳಗಳನ್ನೂ ವಹಿಯಲ್ಲಿ ಬರೆದಿಟ್ಟಿದ್ದೇನೆ.

ಈಗ ನಿಮ್ಮ ಪುಸ್ತಕ ಅಚ್ಚಾಗಿದೆ. ಮೂವತ್ತೊಂದನೆಯ ಪುಟ ತೆಗೆಯಿರಿ. ಏಳನೆಯ ಗೋಡೆಯ ಇಟ್ಟಿಗೆ ಜಿಲ್ಲೆಯಲ್ಲೇ ಉತ್ತಮವಾದದ್ದು ಎಂದು ಬರೆದಿದ್ದೀರಿ. ಕೆಳಗೆ ಎಂಟನೆಯದರ ಬಗ್ಗೆ: “ಇಂಥ ಗೋಡೆ ಬಿದ್ದರೆ ಇಟ್ಟಿಗೆಯನ್ನು ದೂರುವುದು ಅಜ್ಞಾನ ಇಲ್ಲವೆ ಅಪ್ರಾಮಾಣಿಕತೆ. ನೆನೆಸದೆ ಇಡಲು ಬಿಟ್ಟ ಮೇಲ್ವಿಚಾರಕನನ್ನೇ ಕೆಲಸದಿಂದ ತೆಗೆಯಬೇಕು.” ಈ ಮಾತುಗಳನ್ನು ನೀವು ಹೇಳಿದಿರಿ, ನಾನು ಬರೆದುಕೊಂಡೆ. ನಾನು ಒಂದು ಅಕ್ಷರವನ್ನೂ ಸೇರಿಸಿಲ್ಲ. ಸೇರಿಸುವ ಅಗತ್ಯ ಬೀಳಲಿಲ್ಲ.

ಆದ್ದರಿಂದ ಮೊದಲನೆಯ ಪ್ರಶ್ನೆಗೆ ಉತ್ತರ: ನಾಲ್ಕನೆಯ ವಹಿ ಪುಣೆಯಲ್ಲಿ, ನಿಮ್ಮ ಪುಸ್ತಕಕ್ಕೆ ಮುನ್ನುಡಿ ಬರೆದ ದೊಡ್ಡ ಎಂಜಿನಿಯರ್ ಸಾಹೇಬರ ಬಳಿ ಇದೆ. ಜೊತೆಗೆ ನಿಮ್ಮ ಮೂರು ಸಾಲಿನ ವರದಿಯ ನಕಲೂ ಇದೆ. ಸೋಮವಾರವೇ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ನಿಮಗೆ ಇಂದು ಬರೆಯುತ್ತಿದ್ದೇನೆ, ಏಕೆಂದರೆ ಸೋಮವಾರ ಬರೆದಿದ್ದರೆ ನೀವು ಪುಣೆಯ ರೈಲು ಹತ್ತುತ್ತಿದ್ದಿರಿ. ತಂದೆಯ ಅಂಗಳದಲ್ಲಿ ಇನ್ನೂ ಇನ್ನೂರು ಇಟ್ಟಿಗೆ ಇವೆ. ಸಾಹೇಬರು ಬಂದು ತೂಗಿ ನೋಡಬಹುದು ಎಂದು ಬರೆದಿದ್ದೇನೆ.

ನಿಮ್ಮ ನೌಕರಿ ಹೋದರೆ ನನಗೆ ಸಂತೋಷವಾಗುತ್ತದೆ. ಮುಚ್ಚಿಡುವುದಿಲ್ಲ. ಆದರೆ ನಾನು ಸಾಹೇಬರನ್ನು ಬೇಡಿದ್ದು ಅದನ್ನಲ್ಲ. ಹಳೆಯ ವರದಿ ಸುಳ್ಳೆಂದು ನಿಮ್ಮ ಕೈಯಿಂದಲೇ ಬರೆಸಿ, ಸಂತೆಯ ದಿನ ಧರ್ಮಶಾಲೆಯ ಮುಂದೆ ಓದಿಸಬೇಕು ಎಂದು ಬೇಡಿದ್ದೇನೆ. ಕಲ್ಲಯ್ಯನ ಅಂಗಡಿ ಅಲ್ಲಿಂದ ಹತ್ತು ಹೆಜ್ಜೆ.

ಎರಡನೆಯ ಪ್ರಶ್ನೆಗೆ ಉತ್ತರ: ಬರುವುದಿಲ್ಲ.

ಮಾರ್ತಾಂಡರಾಯರ ಮಗಳು,
ಚಂದ್ರಭಾಗಾ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಒಣ ಇಟ್ಟಿಗೆಯ ವಿಷಯ ನನಗೆ ಗೊತ್ತಾದದ್ದು ಗೋಡೆ ಬಿದ್ದ ಮೇಲಲ್ಲ, ಗೋಡೆ ಮೊಣಕಾಲೆತ್ತರ ಇದ್ದಾಗ. ತಂದೆ ಅದನ್ನು ಕಣ್ಣಾರೆ ಕಂಡು, ನೀವು ಮನೆಯಲ್ಲಿಲ್ಲದ ಹೊತ್ತು ನೋಡಿ ನನ್ನ ಬಳಿ ಬಂದಿದ್ದರು. ಮಗಳ ಮನೆಯಲ್ಲಿ ನೀರನ್ನೂ ಮುಟ್ಟದೆ ಬಾಗಿಲಲ್ಲೇ ನಿಂತು, “ಅಳಿಯಂದ್ರಿಗೆ ನಾ ಬುದ್ಧಿ ಹೇಳಿದ್ರ ಛಂದ ಕಾಣೂದಿಲ್ಲ, ಚಂದ್ರಾ. ನೀ ಒಂದ ಮಾತು ಕಿವ್ಯಾಗ ಹಾಕು,” ಎಂದರು. ಹಾಕುತ್ತೇನೆ ಎಂದೆ. ಅಂದು ಊಟಕ್ಕೆ ಕುಳಿತಾಗ ನೀವು ಬಹಳ ದಿನಗಳ ಮೇಲೆ ನನ್ನೊಡನೆ ನಕ್ಕು ಮಾತಾಡಿದಿರಿ. ನಾನು ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ತಂದೆ ಕೊನೆಯವರೆಗೂ ಅದರ ಬಗ್ಗೆ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಸಾಹೇಬರಿಗೆ ಕಳಿಸಿದ ಕಾಗದದಲ್ಲಿ ಇದನ್ನು ನಾನು ಬರೆದಿಲ್ಲ. ಬೇಕಿದ್ದರೆ ನೀವು ಬರೆಯಬಹುದು. ಆದರೆ ಹಾಗೆ ಬರೆಯುವ ಮುಂಚೆ, ಅಂದು ಇಟ್ಟಿಗೆ ಒಣಗಿದ್ದವು ಎಂದು ನೀವು ಒಪ್ಪಿಕೊಳ್ಳಬೇಕಾಗುತ್ತದೆ.